ಐದನೇ ಸಾಲಿನ ಸುತಿ

ಮಸ್ಕಿ

ಫಿನ್ಲೆಂಡ್ ದೇಶಕ್ಕ ಹೋಗಿ ಬಂದು ಹದಿನೈದು ದಿನ ಆತು. ಮಸ್ಕಿ ಬಸ್‌ಸ್ಟ್ಯಾಂಡಿನಾಗ ಕಂಡಾವರೆಲ್ಲ ಕೇಳೂದು ಒಂದ ಮಾತು: "ಅಲ್ಲಿ ಊಟಕ್ಕ ಏನು ಮಾಡಿದ್ರೆಪಾ?" ಅಲ್ಲಿ ಏನು ಊದಿದ್ರಿ, ಹೆಂಗ ಊದಿದ್ರಿ ಅಂತ ಒಬ್ಬ ಪುಣ್ಯಾತ್ಮ ಕೇಳಿಲ್ಲ. ಅದಕ್ಕ ಇಷ್ಟೆಲ್ಲ ಬರಿಯೂ ಪಾಳಿ ಬಂತು. ಊಟದ ಸುದ್ದೀನೂ ನಡುವ ಬರತೈತಿ, ಗಾಬರಿ ಆಗಬ್ಯಾಡ್ರಿ.

ನಾನು ಯಂಕಪ್ಪ. ಲಿಂಗಸುಗೂರಿನ ಕೋರ್ಟಿನ ಎದುರಿಗೆ ಗಿಡದ ನೆರಳಾಗ ಟೈಪ್ ಮಷಿನ್ ಇಟಗೊಂಡು ಮಂದಿಗೆ ಅರ್ಜಿ ಬರಕೊಡತೀನಿ. ಇಂಗ್ಲಿಷ್ ಬರತೈತಿ, ಆದರ ಅರ್ಜಿ ಇಂಗ್ಲಿಷ್. ಲಗ್ನದ ಹಂಗಾಮಿನಾಗ ಮಷಿನ್ನಿಗೆ ಚೀಲ ಹೊಚ್ಚಿ ನಮ್ಮಣ್ಣ ದುರಗಪ್ಪನ ಸನಾದಿ ಮೇಳಕ್ಕ ಹೋಗತೀನಿ. ಅಣ್ಣ ರಾಗ ಊದತಾನ, ನಾ ಮಗ್ಗಲಕ ಕುಂತು ಸುತಿ ಹಿಡೀತೀನಿ. ಸುತಿ ಅಂದ್ರ ಒಂದ ಸ್ವರ. ಅಣ್ಣ ಸನಾದಿ ಎತ್ತೂಕಿಂತ ಮೊದಲ ಶುರು ಮಾಡಿ, ಅವ ಇಳಿಸಿದ ಮ್ಯಾಲೂ ಒಂದು ಗಳಿಗಿ ಬಿಡಲಾರದ, ಗಲ್ಲದಾಗ ಗಾಳಿ ತುಂಬಿಕೊಂಡು ಉಸರು ಮುರೀಲಾರದಂಗ ಊದೂದು. ಮೂವತ್ತು ವರ್ಷದಿಂದ ನಾ ಊದಿದ್ದು ಅದೊಂದ ಸ್ವರ. "ಎರಡನೇದು ಯಾವಾಗ ಕಲೀತೀರಿ?" ಅಂತ ನನ್ನ ಹೇಣ್ತಿ ವರ್ಷಕ್ಕೊಮ್ಮೆ ಕೇಳತಾಳ.

ಪಿರ್ಕೊ ಮೇಡಂ ಅನ್ನೂ ಫಿನ್ಲೆಂಡಿನ ಹೆಣ್ಮಗಳು ಮಸ್ಕಿಗೆ ಬಂದದ್ದು ಗುಡ್ಡದಾಗಿನ ಶಾಸನ ನೋಡಾಕ. ಅವತ್ತ ನಮ್ಮದೊಂದು ಮದುವಿ ಮೆರವಣಿಗಿ, ಎದುರಿಗೆ ಹುಲ್ಲಿನ ಟ್ರ್ಯಾಕ್ಟರ್, ರಸ್ತಾ ಬಂದ್. ಎರಡು ಸಾವಿರ ವರ್ಷದ ಅಕ್ಷರ ಇನ್ನೊಂದು ದಿನ ಕಾದಾವು ಅಂತ ಬಿಟ್ಟು, ಮುಕ್ಕಾಲು ತಾಸು ನಮ್ಮಣ್ಣನ ಮುಂದ ರೆಕಾರ್ಡ್ ಮಷಿನ್ ಹಿಡಕೊಂಡು ನಿಂತ್ರು. ಅವರು ಸಂಗೀತ ಕಟ್ಟೂ ಮಂದಿ. ತಾವು ಹಾಡೂದಿಲ್ಲ, ಬಾರಸೂದಿಲ್ಲ. ಕಾಗದದ ಮ್ಯಾಲ ಬರೀತಾರ, ಬ್ಯಾರೇದವರು ಬಾರಸತಾರ. ನನ್ನಂಗ ಅರ್ಜಿ ಬರಿಯಾವರ ಅನ್ರಿ. ಫರಕು ಇಷ್ಟ: ನನ್ನ ಅರ್ಜಿ ಒಬ್ಬ ಸಾಹೇಬನೂ ಓದೂದಿಲ್ಲ, ಅವರದನ್ನ ಎಂಬತ್ತು ಮಂದಿ ಕುಂತು ಓದತಾರ.

ಮೂರು ವರ್ಷದ ಮ್ಯಾಲ ಅವರ ಪತ್ರ ಬಂತು. ಸನಾದಿಗೆ ಅಂತ ಒಂದು ಕಾನ್ಸರ್ಟೊ ಬರದೀನಿ, ದುರಗಪ್ಪನವರು ಬಂದು ಊದಬೇಕು ಅಂತ. ಕಾನ್ಸರ್ಟೊ ಅಂದ್ರ ಮುಂದ ಒಬ್ಬ ಊದಾವ, ಅವನ ಹಿಂದ ಪಿಟೀಲು, ಕಹಳಿ, ನಗಾರಿ ಹಿಡಕೊಂಡ ಎಂಬತ್ತು ಮಂದಿ. ಆ ಮುಂದಿನಾವಗ 'ಸೋಲೋ' ಅಂತಾರ, ಒಬ್ಬಾವ ಅಂತ.

"ಹಿಂದ ಎಂಬತ್ತು ಮಂದೀನ? ಅದು ಮೇಳಲ್ಲಲೇ ಯಂಕ್ಯಾ, ಜಗಳ," ಅಂದ ಅಣ್ಣ.

"ಅಣ್ಣಾ, ಪತ್ರದಾಗ ನಿಂದೊಂದ ಹೆಸರೈತಿ."

"ಮರತಿರಬೇಕು. ನೀನೂ ಬರತೀ ಅಂತ ಬರದು ಹಾಕು."

'ಸವಿನಯದಿಂದ ಬೇಡಿಕೊಳ್ಳುವುದೇನೆಂದರೆ' ಅಂತ ಇಂಗ್ಲಿಷಿನಾಗ ಶುರು ಮಾಡಿ ಎರಡು ಹಾಳಿ ಬರದು ಕಳಿಸಿದೆ. ಎರಡು ಟಿಕೆಟ್ ಬಂದುವು. ನನ್ನ ಅರ್ಜಿ ಜನ್ಮದಾಗ ಮೊದಲ ಸಲ ಮಂಜೂರಾತು ಅಂತ ಹಿಗ್ಗಿದೆ. ಅವರು ನನ್ನನ್ನ ಸಾಮಾನು ಹೊರಾವ ಅಂತ ತಿಳಕೊಂಡು ಕರಿಸ್ಯಾರ ಅನ್ನೂದು ಆಮ್ಯಾಲ ಗೊತ್ತಾತು.

ಸಿಂಧನೂರು

ಕೋಟು ಹೊಲಿಸಾಕ ಸಿಂಧನೂರಿಗೆ ಹೋದ್ವಿ. ಟೇಲರ್ ಬಾಷಾ ಸಾಬ್ ಫಿನ್ಲೆಂಡ್ ಅಂದ ಕೂಡಲೇ "ಬರಫ್ ಬೀಳತೈತಿ, ಹುಷಾರ್" ಅಂದು ಒಳಗ ಕಂಬಳಿಯಂಥಾ ಅರಿವಿ ಇಟ್ಟು ಹೊಲದ. ಹೋಗೂದು ಜೂನ್ ತಿಂಗಳಾಗ ಅಂದ್ರ, "ಬರಫ್‌ಗೆ ತಿಂಗಳಾ ಯಾರು ಹೇಳ್ಯಾರ?" ಅಂತ ನನಗ ಬೈದ. ಆದರ ಒಂದು ಉಪಕಾರ ಮಾಡಿದ. ನನ್ನ ಸುತಿ ಸನಾದಿ ಅಳತಿ ತಗೊಂಡು ಕೋಟಿನ ಒಳಗ ಉದ್ದಾನ ಕಿಸೆ ಇಟ್ಟುಕೊಟ್ಟ. ಅದನ್ನ ಹಾಕ್ಕೊಂಡು ಕನ್ನಡಿ ಮುಂದ ನಿಂತ್ರ ನಾ ಎದೀಗೆ ಒನಕಿ ಕಟಗೊಂಡಂಗ ಕಾಣತಿದ್ದೆ.

ಊಟದ ಸುದ್ದಿ ಇಲ್ಲೇ ಹೇಳಿ ಮುಗಸತೀನಿ. ನಮ್ಮ ವೈನಿ ಎಂಬತ್ತು ಕಟಕ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ, ಒಂದು ಡಬ್ಬಿ ಗುರೆಳ್ಳು ಚಟ್ನಿ ಕಟ್ಟಿದಳು. ಅಲ್ಲಿ ಹೋಗಿ ನೋಡಿದ್ರ ಆ ಮಂದೀನೂ ಕರ್ರಗಿನ, ಒಣಗಿದ, ಹಲ್ಲಿಗೆ ಬುದ್ಧಿ ಕಲಸೂವಂಥಾ ರೊಟ್ಟೀನ ತಿಂತಾರ. ಇಷ್ಟು ದೂರ ಬಂದು ಮತ್ತ ಕಟಕ ರೊಟ್ಟೀನಾ ಅಂತ ಅಣ್ಣ ಹಣಿ ಹಣಿ ಬಡಕೊಂಡ.

ಹೈದರಾಬಾದ್ ವಿಮಾನ ನಿಲ್ದಾಣ

ಚೀಲ ತಪಾಸ ಮಾಡೂ ಕಡೆ ಅಣ್ಣನ ಸನಾದಿ ಸಿಕ್ಕಿಬಿತ್ತು. ತುದಿಯಾಗ ಹಿತ್ತಾಳಿ, ಮೈಯೆಲ್ಲ ತೂತು, ಜೊತಿಗೆ ಬಾಯಿಗಿಡೂ ಗರಿ ತಿದ್ದಾಕ ದಾರದಾಗ ಜೋತುಬಿದ್ದ ಒಂದು ಸೂಜಿ. ತಪಾಸಿನ ಸಾಹೇಬ ತೆಲುಗಿನಾವ. "ಇದೇಂಟಿ?" ಅಂದ.

"ಸನಾದಿರೀ. ಊದೂದು," ಅಂದೆ.

"ಏದೀ, ಒಕಸಾರಿ ಊದಂಡಿ," ಅಂದ, ಒಮ್ಮೆ ಊದಿ ತೋರಸ್ರಿ ಅಂತ.

ಅಣ್ಣ ಸನಾದಿ ಕೈಯಾಗ ಹಿಡಕೊಂಡು ಸುಮ್ಮನ ನಿಂತ. ಹಿಂದ ಉದ್ದಾನ ಪಾಳಿ, ಮಂದಿ ಗೊಣಗಾಕತ್ತಿದ್ರು. ಸಾಹೇಬಗ ಅನುಮಾನ ಜಾಸ್ತಿ ಆತು. ಅಣ್ಣ ನನ್ನ ಕಡೆ ತಿರುಗಿ, "ಸುತಿ ಇಲ್ಲದ ಹೆಂಗ ಊದಲಿ? ನಿಂದು ತೆಗಿ," ಅಂದ. ನನ್ನ ಕೋಟು ಬ್ಯಾರೆ ಟ್ರೇದಾಗ ಹೊಂಟಿತ್ತು. ಅದನ್ನ ಹೊಳ್ಳಿ ತರಿಸಿ, ಕಿಸೆದಾಗಿಂದ ಸುತಿ ತೆಗದು, ಗರಿ ನಾಲಿಗಿ ಮ್ಯಾಲಿಟ್ಟು ಹಸಿ ಮಾಡಿ, ನಾ ಸ್ವರ ಹಿಡಿದ ಮ್ಯಾಲನ ನಮ್ಮಣ್ಣ ಊದಿದ್ದು. ಬರಿಗಾಲಿನಾಗ ನಿಂತು ಬೀಗರನ್ನ ಎದುರುಗೊಳ್ಳೂ ರಾಗ ಊದಿದ. ಪಾಳಿಯಾಗಿದ್ದ ಒಬ್ಬ ಮುದುಕ ಅಕ್ಷತಿ ಹಾಕೂವಂಗ ಕೈ ಎತ್ತಿದ. "ಸರೇ, ಪೋಂಡಿ, ಪೋಂಡಿ," ಅಂತ ಸಾಹೇಬ ನಮ್ಮನ್ನ ಎಲ್ಲಾರಿಗಿಂತ ಮೊದಲ ಒಳಗ ಬಿಟ್ಟ.

ಊರು ಮುಟ್ಟಿದ ದಿನ

ಆ ಊರಿನ ಹೆಸರು ನಾಲ್ಕು ಸಲ ಕಲತೆ, ಐದು ಸಲ ಮರತೆ. ಕೆರಿ ದಂಡಿಗೆ ಕಟಿಗಿ ಮನಿ, ನಟ್ಟಗ ನಿಂತ ಗಿಡ, ಮತ್ತ ಎಲ್ಲಿ ನೋಡಿದ್ರೂ ಗಪ್‌ಚಿಪ್. ಮಾತಾಡಿದ್ರ ತೆರಿಗಿ ಬೀಳತೈತೇನೋ ಅನ್ನೂವಂಗ ಮಂದಿ. ಬಸ್ಸಿಗೆ ನಿಂತ್ರ ಒಬ್ಬರಿಂದ ಒಬ್ಬರಿಗೆ ಒಂದೊಂದು ಎತ್ತು ಕಟ್ಟೂವಷ್ಟು ಜಾಗ ಬಿಟ್ಟು ನಿಂದರತಾರ. ಗೊರೇಬಾಳದ ಆಟೋದಾಗ ಗುರುತಿಲ್ಲದವರ ಕೂಸು ನಮ್ಮ ತೊಡಿ ಮ್ಯಾಲ ನಿದ್ದಿ ಮಾಡಿರತೈತಿ, ಯಾರದು ಅಂತ ಕೇಳೂ ರೂಢೀನ ಇಲ್ಲ. ಅಣ್ಣ ಸೀದಾ ಹೋಗಿ ಒಬ್ಬ ಮನುಷ್ಯಾನ ಭುಜಕ್ಕ ಭುಜ ಹಚ್ಚಿ ನಿಂತು, "ಬಸ್ ಎಷ್ಟಕ್ಕ ಬರತೈತಿರೀ?" ಅಂತ ಕನ್ನಡದಾಗ ಕೇಳಿದ. ಆ ಮನುಷ್ಯಾ ಒಂದು ಹೆಜ್ಜಿ ಆ ಕಡೆ ಸರದ. ಅಣ್ಣನೂ ಸರದ. ಅವ ಮತ್ತ ಸರದ, ಇವ ಮತ್ತ. ಬಸ್ ಬರೂದರಾಗ ಇಬ್ಬರೂ ಮುಂದಿನ ಅಂಗಡಿ ಮುಟ್ಟಿದ್ರು.

ಪಿರ್ಕೊ ಮೇಡಂ ನಮ್ಮನ್ನ ತಮ್ಮ ಮನ್ಯಾಗ ಇಳಿಸಿದ್ರು. ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗೂ ಪದ್ಧತಿ ಅವರಿಗೂ ಐತಿ. ಅದನ್ನ ನೋಡಿ ಅಣ್ಣ, "ಚೊಲೊ ಮಂದಿ ಅದಾರಲೇ," ಅಂತ ಸರ್ಟಿಫಿಕೇಟ್ ಕೊಟ್ಟ. ಹೊತ್ತು ಮುಳುಗಿದ ಮ್ಯಾಲ ದೀಪ ಹಚ್ಚಿ, ಬಸವಣ್ಣಗ ಕೈ ಮುಗದು ಉಣ್ಣೂದು ಅವನ ನೇಮ. ಆದರ ಆ ದೇಶದಾಗ ಜೂನ್ ತಿಂಗಳು ಹೊತ್ತು ಮುಳುಗೂದು ಸುಳ್ಳು ಮಾತು. ಎಂಟಾತು, ಒಂಬತ್ತಾತು, ಸೂರ್ಯ ಸರಕಾರಿ ನೌಕರನಂಗ ಕುರ್ಚಿ ಬಿಡವಲ್ಲ. ಅಣ್ಣ ಕಿಡಕ್ಯಾಗ ನಿಂತು, "ಹೋಗಲೋ ಯಪ್ಪಾ, ಹಸಿವಾಗೈತಿ," ಅಂತ ಸೂರ್ಯಗ ಬೇಡಿಕೊಳ್ಳಾಕತ್ತಿದ್ದ. ಕಡೀಕ ಮೇಡಂ ಪರದೆ ಎಳದು ಕತ್ತಲು ಮಾಡಿಕೊಟ್ರು. ಹಿಂಗ ಒಂದು ಅರಿವಿ ಹಿಂದ ನಮ್ಮ ನೇಮ ಉಳೀತು.

ತಾಲೀಮು

ಮರುದಿನ ತಾಲೀಮು. ಎಂಬತ್ತು ಮಂದಿ ಕುಂತಿದ್ರು, ಮುಂದ ಕಡ್ಡಿ ಆಡಸೂ ಒಬ್ಬ ಎತ್ತರದ ಸಾಹೇಬ. ಮೊದಲಿಗೆ ಸನಾದಿಯಂಥಾದ ಒಂದು ಕರೇ ವಾದ್ಯ ಹಿಡದಾಕಿ ಒಂದು ಸ್ವರ ಊದಿದಳು. ಎಂಬತ್ತೂ ಮಂದಿ ಆ ಸ್ವರಕ್ಕ ತಮ್ಮ ತಮ್ಮ ವಾದ್ಯ ಕೂಡಿಸಿಕೊಂಡ್ರು. ನನಗ ರೋಮಾಂಚನ ಆತು. ಅಬ್ಬ, ಇವರಿಗೂ ಸುತಿ ಹಿಡಿಯಾಕಿ ಅದಾಳ! ಆದರ ಅರ್ಧ ನಿಮಿಷಕ್ಕ ಆಕಿ ಸುಮ್ಮನಾದಳು. ಅರ್ಧ ನಿಮಿಷದ ಸುತಿ! ಗಾಡಿ ಹೊಂಟ ಮ್ಯಾಲ ಎತ್ತು ಬಿಚ್ಚಿದಂಗಾತು.

ನಾ ಒಂದು ಕುರ್ಚಿ ಎಳಕೊಂಡು ಅಣ್ಣನ ಮಗ್ಗಲಕ ಕುಂತು ಸುತಿ ಹಿಡಿದೆ. ಕಡ್ಡಿ ನಿಂತಿತು. ಎಂಬತ್ತು ಮಂದಿ ನನ್ನ ನೋಡಿದ್ರು. ಪಿರ್ಕೊ ಮೇಡಂ ಬಂದು ಬಾಳ ಮೆತ್ತಗ ಹೇಳಿದ್ರು: "ಮಿಸ್ಟರ್ ಯಂಕಪ್ಪ, ಸುತಿ ನಾನು ಆ ದೊಡ್ಡ ಪಿಟೀಲಿನವರಿಗೆ ಬರದೀನಿ. ಎಂಟು ಮಂದಿ ಅದಾರ. ಇದು ಸೋಲೋ. ಇಲ್ಲಿ ಒಬ್ಬರ ಇರಬೇಕು."

ಅಣ್ಣ ಕೇಳಿದ, "ಏನಂತಾಳಲೇ?"

ನನ್ನ ನೌಕರಿ ತೆಗದ ಆರ್ಡರನ್ನ ನಾನ ಓದಿ ಹೇಳಬೇಕಾತು. ಹೇಳಿದೆ. ಕುರ್ಚಿ ಎತ್ತಿಕೊಂಡು ಇಳಿದು ಬಂದು ಕೆಳಗ ಕುಂತೆ.

ಆ ಎಂಟು ಮಂದಿ ಮನುಷ್ಯಾನಷ್ಟು ಎತ್ತರದ ಪಿಟೀಲು ತಬ್ಬಿಕೊಂಡು ಸುತಿ ಶುರು ಮಾಡಿದ್ರು. ಛಲೋನ ಇತ್ತು, ಸುಳ್ಳ್ಯಾಕ ಹೇಳಲಿ. ಆದರ ಸ್ವಲ್ಪ ಹೊತ್ತಿಗೆ ಅದು ಸರದು ಬ್ಯಾರೆ ಕಡೆ ಹೋತು. ಮತ್ತ ಸರೀತು. ಅಣ್ಣ ಸನಾದಿ ಇಳಿಸಿ ನನ್ನ ಕಡೆ ನೋಡಿದ. ಮೇಡಂ ಹೇಳಿದ್ರು, ಅದು ಬೇಕಂತ ಬರದದ್ದು, ಕೆರಿ ಮ್ಯಾಲಿನ ಮೋಡದಂಗ ಸುತಿ ನಿಧಾನಕ ಸರೀತೈತಿ.

"ಗೂಟ ಓಡ್ಯಾಡಿದ್ರ ಆಕಳಾ ಎಲ್ಲಿ ಕಟ್ಟಲಿ? ಕೇಳಲೇ ಆಕೀನ!" ಅಂದ ಅಣ್ಣ.

ನನಗ ತಿಳಿದ ಇಂಗ್ಲಿಷಿನಾಗ ಕೇಳಿದೆ. ಮೇಡಂ ಬಾಳ ಖುಷಿಯಾಗಿ ಆ ಮಾತನ್ನ ತಮ್ಮ ಪುಸ್ತಕದಾಗ ಬರಕೊಂಡ್ರು. ಬರಕೊಂಡ್ರು ಅಷ್ಟ, ಗೂಟ ನಿಂದರಸಲಿಲ್ಲ.

ಮೂರನೇ ದಿನ

ನಿಜ ಹೇಳತೀನಿ. ಮೊದಲ ದಿನ ಅಣ್ಣನ ಸ್ವರ ದಿಕ್ಕು ತಪ್ಪಿದಾಗ ನನಗ ಒಳಗೊಳಗ ಖುಷಿ ಆತು. ತಿಳೀಲಿ, ಒಂದ ಸ್ವರದಾವ ಅಂತ ನನ್ನ ನೋಡಿ ನಕ್ಕವರಿಗೆಲ್ಲ ತಿಳೀಲಿ ಅಂತ. ಎರಡನೇ ದಿನಕ್ಕ ಆ ಖುಷಿ ಇಳೀತು. ಮೂರನೇ ದಿನ ಅಣ್ಣನ ಮುಖ ನೋಡಲಾರದ ನೆಲ ನೋಡಿಕೋತ ಕುಂತೆ. ನಾಲ್ಕು ತಾಲೂಕಿನಾಗ ಹೆಸರು ಮಾಡಿದಾವ ಕಲಿಯಾಕ ಬಂದ ಹುಡುಗನಂಗ ತಡವರಿಸಾಕತ್ತಿದ್ದ. ಪಿಟೀಲಿನವರು ಒಬ್ಬರ ಮುಖ ಒಬ್ಬರು ನೋಡತಿದ್ರು. ಕಡ್ಡಿ ಸಾಹೇಬ ಬಾಯಿ ತೆರೀಲಿಲ್ಲ, ಅಲ್ಲಿ ಯಾರೂ ಬಾಯಿ ತೆರೆಯೂದಿಲ್ಲ. ಬೈದಿದ್ರರ ತಿರುಗಿ ಬೈಯಬಹುದಿತ್ತು.

ಅಣ್ಣ ಊಟ ಬಿಟ್ಟ. ಪರದೆ ಎಳದು ಕತ್ತಲು ಮಾಡಿದ್ರೂ ಉಣ್ಣಲಿಲ್ಲ. "ಹೊಳ್ಳಿ ಹೋಗೂಣು ನಡಿ. ನನ್ನ ಕೈಲಿ ಆಗೂದಿಲ್ಲ ಅಂತ ಹೇಳಿಬಿಡು," ಅಂದ. ಬಸ್‌ಸ್ಟಾಪಿನಾಗ ಅವನ ಆಳೆತ್ತರದ ಫೋಟೋ ಹಚ್ಚಿದ್ರು, ಕೆಳಗ ಅವನೊಬ್ಬನ ಹೆಸರು. ಮಸ್ಕಿಯಾಗೂ ಹುಡುಗ್ರು ಬ್ಯಾನರ್ ಕಟ್ಯಾರ ಅಂತ ವೈನಿ ಫೋನಿನಾಗ ಹೇಳಿದ್ದಳು. ಊದಲಾರದ ಹೊಳ್ಳಿ ಹೋದ್ರ ಮುಂದ ಯಾರ ಲಗ್ನದಾಗ ಮುಖ ಎತ್ತಿ ಊದತಾನ ಇವ?

ನನಗ ಗೊತ್ತಿದ್ದ ಕೆಲಸ ಒಂದ. ಅರ್ಜಿ ಬರದೆ. 'ವಿಷಯ: ಸೋಲೋ ವಾದಕರ ಪಕ್ಕದಲ್ಲಿ ಒಂದು ಕುರ್ಚಿ ಮಂಜೂರು ಮಾಡುವ ಕುರಿತು.' ಕಾರಣ ಒಂದು, ಎರಡು, ಮೂರು. ಕೆಳಗ ಸಹಿ. ಮೇಡಂ ಅದನ್ನ ಎರಡು ಸಲ ಓದಿ, ಕಡ್ಡಿ ಸಾಹೇಬಗೂ ತೋರಿಸಿ, ನನ್ನ ಕೈ ಹಿಡಕೊಂಡು ಹೇಳಿದ್ರು: "ಮೂರು ವರ್ಷ ಈ ಸರಿಯೂ ಸುತಿ ಮ್ಯಾಲನ ಕೆಲಸ ಮಾಡೀನಿ. ಅದು ನಿಂತ್ರ ನನ್ನ ಸಂಗೀತನ ನಿಂತಂಗ. ದಯಮಾಡಿ ನನ್ನ ಮಗ್ಗಲಕ ಕುಂದರ್ರಿ, ಐದನೇ ಸಾಲು." ಅರ್ಜಿ ವಜಾ. ಆದರ ಅವರ ಕಣ್ಣಾಗ ನೀರಿತ್ತು. ಲಿಂಗಸುಗೂರಿನಾಗ ವಜಾ ಮಾಡಾವರು ಕಣ್ಣೆತ್ತಿ ನೋಡೂದೂ ಇಲ್ಲ.

ಅಣ್ಣಗ ಹೇಳಿದೆ, "ನಾ ಎದುರಿಗೆ ಇರತೀನಿ. ನನ್ನ ಮುಖ ನೋಡಿಕೋತ ಊದು."

"ಮುಖ ನೋಡಿ ಸುತಿ ಬರತೈತೇನಲೇ?" ಅಂದ.

ಕಛೇರಿ

ಸಭಾಭವನ ತುಂಬಿತ್ತು. ಮಂದಿ ಬಂದು ಕುಂತ ರೀತಿ ನೋಡಿ ಯಾರರೆ ತೀರಿಕೊಂಡಾರೇನೋ ಅನ್ನಿಸ್ತು. ಪಿಸುಮಾತಿಲ್ಲ, ಕೂಸು ಅಳೂದಿಲ್ಲ, ಫೋನ್ ಒದರೂದಿಲ್ಲ. ನಾ ಕಂಬಳಿ ಕೋಟಿನಾಗ ಬೆವರಿಕೋತ ಕುಂತಿದ್ದೆ. ಸುತಿ ಸನಾದಿ ಕಿಸೆದಾಗನ ಇತ್ತು. ಅದನ್ನ ಬಿಟ್ಟು ಬರೂದು ನನಗ ರೂಢಿಯಿಲ್ಲ.

ಮೊದಲ ಭಾಗ ಹೆಂಗೋ ಮುಗೀತು. ಅಣ್ಣನ ಕೊರಳಿನ ನರ ಎದ್ದಿದ್ದುವು. ಸ್ವರ ಹಿಡೀತಿದ್ದ, ಅದು ಜಾರತಿತ್ತು, ಮತ್ತ ಹಿಡೀತಿದ್ದ. ಎರಡನೇ ಭಾಗದ ನಡುವ ಎಲ್ಲಾರೂ ಒಮ್ಮೆಲೆ ನಿಂದರಬೇಕು. ಹನ್ನೆರಡು ಎಣಿಸೂತನಕ ಒಂದು ಕಡ್ಡಿ ಮಿಸುಕಬಾರದು. ಆ ಮೌನನ ನನ್ನ ಸಂಗೀತದ ಜೀವ ಅಂತ ಮೇಡಂ ಮೊದಲ ಹೇಳಿದ್ರು. ನಿಂತಿತು. ನಾ ಎಣಿಸಿದೆ. ಐದು, ಆರು, ಏಳು.

ಮ್ಯಾಲಿನ ಸಜ್ಜಾದಾಗ ಯಾರೋ ಸೀನಿದ್ರು.

ಬರೇ ಸೀನಲ್ಲ ಅದು, ಎರಡು ದಿನದಿಂದ ತಡಕೊಂಡ ಸೀನು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಅಕ್ಕಿಕಾಳು ಬೀಳೂ ಹೊತ್ತಿನಾಗ ಸೀನು ಕೇಳಬಾರದು, ಕೇಳಿದ್ರ ಅಪಶಕುನ. ಅದಕ್ಕ ಗಟ್ಟಿಮೇಳ. ಯಾರರೆ ಮೂಗು ಏರಿಸಿದ್ರ ಸಾಕು, ಸೀನು ಬೀಳೂದರಾಗ ಸನಾದಿ ಒದರಬೇಕು. ಹೆತ್ತವರು ನಮಗ ಎಲಿ ಅಡಿಕಿ ಕೊಟ್ಟು ಕರಸೂದು ರಾಗಕ್ಕಲ್ಲ, ಇದಕ್ಕ. ಇದರಾಗ ಒಂದು ಸಲ ತಪ್ಪಿದ ಮೇಳಾನ ಮುಂದ ಯಾರೂ ಕರಿಯೂದಿಲ್ಲ. ನಲವತ್ತು ವರ್ಷ ಅದನ್ನ ಮಾಡಿದ ಮನುಷ್ಯಾ ನಮ್ಮಣ್ಣ.

ಎತ್ತಿದ ಸನಾದಿ! ಹಿಡಿದ ಗಟ್ಟಿಮೇಳ! ಆ ಭವನದ ಗ್ವಾಡಿ ಕಟ್ಟಿದಾಗಿಂದ ಅಂಥಾ ಸಪ್ಪಳ ಕೇಳಿರಲಿಕ್ಕಿಲ್ಲ. ಕಡ್ಡಿ ಸಾಹೇಬನ ಕಡ್ಡಿ ಗಾಳಿಯಾಗ ನಿಂತಿತು. ಮೇಡಂ ನನ್ನ ಮೊಣಕೈ ಹಿಡದು "ಓ, ನೋ," ಅಂದ್ರು.

ನಾ ವಿಚಾರ ಮಾಡಿ ಮಾಡಿದೆ ಅಂದ್ರ ಸುಳ್ಳಾಗತೈತಿ. ಗಟ್ಟಿಮೇಳ ಕಿವಿಗೆ ಬಿತ್ತು, ನನ್ನ ಕೈ ಕೋಟಿನೊಳಗ ಹೋಗಿತ್ತು. ಮುಂದಿನ ಉಸರಿಗೆ ಸುತಿ ಬಾಯಾಗಿತ್ತು. ಐದನೇ ಸಾಲಿನಾಗ, ಕುಂತಲ್ಲೇ ಎದ್ದು ನಿಂತು, ನನ್ನ ಒಂದ ಒಂದು ಸ್ವರ ಬಿಟ್ಟೆ.

ಇಡೀ ಭವನ ತಿರುಗಿ ನನ್ನ ನೋಡಿತು. ಅಣ್ಣ ಒಬ್ಬಾವ ನೋಡಲಿಲ್ಲ. ಅವನ ಭುಜ ಎರಡೂ ಕೆಳಗ ಇಳಿದುವು, ಅಷ್ಟ. ಆಮ್ಯಾಲ ಊದಿದ ನೋಡ್ರಿ. ಗಟ್ಟಿಮೇಳ ತಗ್ಗಿಸಿ, ಮೆಲ್ಲಕ ತಿರುವಿ, ಮೇಡಂ ಬರದ ಸ್ವರಕ್ಕ ತಂದು ಕೂಡಿಸಿದ. ಕಡ್ಡಿ ಸಾಹೇಬ ಒಂದು ಗಳಿಗಿ ಹಂಗ ನಿಂತು, ದೊಡ್ಡ ಪಿಟೀಲಿನವರಿಗೆ ಕೈ ಮಾಡಿದ. ಅವರು ತಮ್ಮ ಕಾಗದದಂಗ ಸರಿಯಾಕ ಹೊಂಟ್ರು. ಒಬ್ಬ ಮುದುಕ ಪಿಟೀಲಿನಾವ ಮೊದಲು ಕಾಗದ ಬಿಟ್ಟು ನನ್ನ ಸ್ವರಕ್ಕ ಬಂದು ನಿಂತ. ಆಮ್ಯಾಲ ಅವನ ಮಗ್ಗಲಿನಾಕಿ. ಆಮ್ಯಾಲ ಎಂಟೂ ಮಂದಿ.

ಒಮ್ಮೆ ಹಿಡಿದ ಸುತಿ ನಡುವ ಬಿಡಾಂಗಿಲ್ಲ. ಮೂರನೇ ಭಾಗ ಮುಗಿಯೂತನಕ ನಿಂತ ಊದಿದೆ. ಮುಂದಿನ ಸಾಲಿನ ಮುದುಕಿಯೊಬ್ಬಾಕಿ ಕಾರ್ಯಕ್ರಮದ ಹಾಳಿಯಾಗ ನನ್ನ ಹೆಸರು ಹುಡುಕಿ ಹುಡುಕಿ ಸೋತಳು. ಅಣ್ಣ ಸನಾದಿ ಇಳಿಸಿದ ಮ್ಯಾಲೂ ಒಂದು ಗಳಿಗಿ ಹಿಡಿದು, ಆಮ್ಯಾಲ ನಿಲ್ಲಿಸಿದೆ. ಮಂದಿ ಚಪ್ಪಾಳಿ ಹೊಡೆದ್ರು. ಅವರು ಅಷ್ಟು ಸಪ್ಪಳ ಮಾಡಬಲ್ಲರು ಅಂತ ನನಗ ಅಲ್ಲೀತನಕ ಗೊತ್ತಿರಲಿಲ್ಲ.

ಪರದೆ ಹಿಂದ

ಅಣ್ಣ ಬೂಟಿನ ದಾರ ಬಿಚ್ಚಾಕತ್ತಿದ್ದ. ಅವ ಜೀವಮಾನದಾಗ ಬೂಟು ಹಾಕಿದ್ದು ಅದ ಮೊದಲು, ಎರಡೂ ಹಿಮ್ಮಡ ಕಿತ್ತಿದ್ದುವು. ಪಿರ್ಕೊ ಮೇಡಂ ಒಳಗ ಬಂದ್ರು. ಸಿಟ್ಟು ಬಂದೈತೋ, ಸಂತೋಷ ಆಗೈತೋ, ಆ ಮಂದಿ ಮುಖ ನೋಡಿ ಹೇಳೂದು ಯಾರಿಗೂ ಆಗೂದಿಲ್ಲ. ನಾ ಎದ್ದು ನಿಂತು, "ಮೇಡಂ, ಎರಡೂ ಕೈ ಜೋಡಿಸಿ ಪ್ರಾರ್ಥಿಸುವುದೇನೆಂದರೆ," ಅಂತ ಇಂಗ್ಲಿಷಿನಾಗ ಕ್ಷಮಾ ಅರ್ಜಿ ಶುರು ಮಾಡಿದೆ. ಅವರು ಕೈ ಎತ್ತಿ ತಡದ್ರು.

"ನನ್ನ ಮೌನ ಹಾಳಾತು," ಅಂದ್ರು. "ಮೂರು ವರ್ಷದ ಕೆಲಸ." ಆಮ್ಯಾಲ ಕುರ್ಚಿ ಎಳಕೊಂಡು ಕುಂತು, ನಿಧಾನಕ ಹೇಳಿದ್ರು: "ನಾಡದು ಇನ್ನೊಂದು ಊರಾಗ ಇದ ಕಛೇರಿ ಐತಿ. ಬೇಕಾದ್ರ ನಿಮ್ಮ ಕುರ್ಚಿ ವೇದಿಕಿ ಮ್ಯಾಲ ಹಾಕಸತೀನಿ. ಆದರ ಆಗ ಅದು ಸೋಲೋ ಅಲ್ಲ. ಆ ಮಾತು ತೆಗೀಬೇಕು. ಪೋಸ್ಟರಿನಾಗ, ಪುಸ್ತಕದಾಗ, ಎಲ್ಲಾ ಕಡೆ ಎರಡು ಹೆಸರು ಆಗತಾವು, ಮುಂದೂ ಹಂಗ ಉಳೀತಾವು. ಮುಂದಿನ ಜಾಗ ನಿಮ್ಮಣ್ಣಂದು. ಬಿಟ್ಟುಕೊಡೂ ಹಕ್ಕು ಅವರದು. ಅವರನ್ನ ಕೇಳ್ರಿ."

ಕೇಳಬೇಕಾದಾವ ನಾನ. ಇಡೀ ದೇಶದಾಗ ಒಬ್ಬನ ಹೆಸರು ಇದ್ದದ್ದನ್ನ ಯಾರು ಬಿಟ್ಟುಕೊಡತಾರ? ನಾ ಆಗಿದ್ರ ಕೊಡತಿದ್ನೋ ಇಲ್ಲೋ. ಒಂದು ಮಾತೂ ಹೆಚ್ಚು ಕಡಿಮ್ಯಾಗದಂಗ, ಕೋರ್ಟಿನಾಗ ಹೇಳಿಕಿ ಓದಿದಂಗ ಓದಿ ಹೇಳಿದೆ.

ಅಣ್ಣ ತಲಿ ಎತ್ತಲಿಲ್ಲ. ಗಂಟು ಬಿದ್ದ ದಾರ ಜಗ್ಗಿಕೋತನ ಮಾತಾಡಿದ.

"ಆಕಿಗೆ ಹೇಳಲೇ. ನಾಳೆ ನಾ ಸತ್ತರ ಇವ ಇನ್ನೊಬ್ಬಗ ಸುತಿ ಹಿಡದಾನು. ಇವ ಸತ್ತರ ನಾ ಸನಾದಿ ಅಟ್ಟಕ್ಕ ಹಾಕಾವ. ಈ ಮಾತು ಮೂವತ್ತು ವರ್ಷದಿಂದ ಹೇಳಬೇಕಂತಿದ್ದೆ, ಬಾಯಾಗ ಯಾವಾಗಲೂ ಸನಾದಿ ಇರತಿತ್ತು. ಎಷ್ಟು ಹೆಸರು ಬೇಕಾದ್ರೂ ಬರಕೊಳ್ಳಲಿ. ಮೊದಲು ಇವನ ಕುರ್ಚಿ ಹಾಕಸು ಅನ್ನು."

ನಾ ಬಗ್ಗಿ ಅಣ್ಣನ ಬೂಟಿನ ಗಂಟು ಬಿಚ್ಚಿಕೊಟ್ಟೆ. ಮೇಡಂ ಕಾದರು. ಕಾಯೂದು ಆ ಮಂದಿಗೆ ಚೆನ್ನಾಗಿ ಬರತೈತಿ.

"ಅಷ್ಟುದ್ದ ಮಾತಾಡಿದ್ರಲ್ಲ, ಏನಂದ್ರು?" ಅಂತ ಕೇಳಿದ್ರು.

"ಅವರದೇನೂ ತಕರಾರಿಲ್ಲ, ಮೇಡಂ," ಅಂದೆ.

ಉಳಿದದ್ದನ್ನ ನಾ ಇಂಗ್ಲಿಷಿಗೆ ತಿರುವಲಿಲ್ಲ. ಅದನ್ನ ಅಣ್ಣ ಹೇಳಿದ್ದು ನನಗ.